ಮುಂಬಯಿ, ಪುಣೆ, ಗೋವಾದ ಕನ್ನಡಿಗ ಶಿಕ್ಷಕರಿಗೆ: ವಿದೇಶದ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಕೆಲಸ ಹಿಡಿಯುವ ಬಗೆ

ಗಣಿತವೋ ವಿಜ್ಞಾನವೋ ಕಲಿಸುತ್ತ ಎಂಟು ಹತ್ತು ವರ್ಷ ಕಳೆದಿರುತ್ತದೆ. ಡೊಂಬಿವಲಿಯಿಂದ ವಡಾಲಕ್ಕೆ ದಿನಾ ಲೋಕಲ್ ಟ್ರೈನಿನ ಓಡಾಟ, ಅಥವಾ ಪುಣೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಕೂಟರ್ ಸವಾರಿ. ಆಗ ಒಂದು ದಿನ "ದುಬೈಗೋ ದೋಹಾಕ್ಕೋ ಪ್ರಯತ್ನ ಮಾಡಲೇ?" ಎಂಬ ಯೋಚನೆ ಬರುತ್ತದೆ. ಹೆಚ್ಚಿನವರು ಆ ರಾತ್ರಿಯೇ ಒಂದೇ ಬಯೊಡೇಟಾವನ್ನು ಐವತ್ತು ಶಾಲೆಗಳಿಗೆ ಕಳಿಸುತ್ತಾರೆ, ಒಂದಕ್ಕೂ ಉತ್ತರ ಬಾರದೆ ಎರಡು ತಿಂಗಳಲ್ಲಿ ಆಸೆ ಬಿಡುತ್ತಾರೆ. ಅವರ ಪಾಠ ಹೇಗಿದೆ ಎಂದು ನೋಡುವ ಹಂತಕ್ಕೇ ಆ ಅರ್ಜಿ ತಲುಪಿರುವುದಿಲ್ಲ. ಶಾಲೆಗೆ ಬೇಕಾದ ಪಠ್ಯಕ್ರಮದ ಅನುಭವ ಇಲ್ಲ, ಕಳಿಸಿದ ತಿಂಗಳು ಸರಿಯಿಲ್ಲ, ಇಲ್ಲವೇ ಕಾಗದಪತ್ರದಲ್ಲಿ ತೊಡಕಿದೆ. ಈ ಮೂರನ್ನೂ ಇಲ್ಲೇ ಕೂತು ಸರಿಮಾಡಿಕೊಳ್ಳಬಹುದು. ಅದಕ್ಕೆ ಕನಿಷ್ಠ ಎರಡು ವರ್ಷದ ತಯಾರಿ ಬೇಕು ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ.

ಯಾವ ಶಾಲೆ, ಯಾವ ದೇಶ

'ಇಂಟರ್‌ನ್ಯಾಷನಲ್' ಎಂಬ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ನೋಡಬೇಕಾದ್ದು ಪಠ್ಯಕ್ರಮ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, ಎಲ್ಲರ ಬಾಯಲ್ಲಿ ಐಬಿ, ಒಂದು ಬಗೆ. ಅದರಲ್ಲಿ ಚಿಕ್ಕ ಮಕ್ಕಳಿಗೆ ಪಿವೈಪಿ, ನಡುವಿನ ತರಗತಿಗಳಿಗೆ ಎಂವೈಪಿ, ಕೊನೆಯ ಎರಡು ವರ್ಷಕ್ಕೆ ಡಿಪಿ. ಬ್ರಿಟಿಷ್ ಶಾಲೆಗಳಲ್ಲಿ ಕೇಂಬ್ರಿಜ್ ಮೊದಲಾದ ಮಂಡಳಿಗಳ ಐಜಿಸಿಎಸ್‌ಇ (ನಮ್ಮ ಹತ್ತನೆಯ ತರಗತಿಯ ಮಟ್ಟದ್ದು) ಮತ್ತು ಎ ಲೆವೆಲ್ (ಹನ್ನೆರಡನೆಯದರ ಮಟ್ಟದ್ದು) ನಡೆಯುತ್ತವೆ. ಅಮೆರಿಕನ್ ಪಠ್ಯಕ್ರಮದ ಶಾಲೆಗಳು ಬೇರೆ. ಇವೆಲ್ಲದರ ಜೊತೆಗೆ ಕೊಲ್ಲಿ ದೇಶಗಳಲ್ಲಿ ಭಾರತೀಯರಿಗಾಗಿಯೇ ಇರುವ ಸಿಬಿಎಸ್‌ಇ ಶಾಲೆಗಳಿವೆ. ಇಲ್ಲಿ ಸಿಬಿಎಸ್‌ಇ ಕಲಿಸಿದವರಿಗೆ ಅಲ್ಲಿ ನೇರ ಪ್ರವೇಶ ಸಿಗುತ್ತದೆ. ಸಂಬಳ ಮಾತ್ರ ಅದೇ ಊರಿನ ಬ್ರಿಟಿಷ್ ಶಾಲೆಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಒಬ್ಬರೇ ಹೋಗುವವರಿಗೆ ಅದು ಸಾಕಾಗಬಹುದು. ಸಂಸಾರ ಕರೆದುಕೊಂಡು ಹೋಗುವವರು ಮನೆಬಾಡಿಗೆಯ ಲೆಕ್ಕ ಹಾಕಿದ ಮೇಲೆ ತೀರ್ಮಾನಿಸಬೇಕು.

ವಿಷಯದ ಮಾತು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್ ಕಲಿಸುವವರಿಗೆ ಬೇಡಿಕೆ ಇದೆ. ಇಂಗ್ಲಿಷ್ ಸಾಹಿತ್ಯ ಮತ್ತು ಪ್ರಾಥಮಿಕ ಕ್ಲಾಸ್ ಟೀಚರ್ ಹುದ್ದೆ ಭಾರತದ ಪಾಸ್‌ಪೋರ್ಟಿಗೆ ಕಷ್ಟ. ಚೀನಾದಂಥ ದೇಶಗಳಲ್ಲಿ ಇಂಗ್ಲಿಷ್ ಭಾಷೆ ಕಲಿಸುವ ವೀಸಾ ನಿಯಮವೇ ಇಂಗ್ಲಿಷ್ ಮಾತೃಭಾಷೆಯ ದೇಶದವರನ್ನು ಬಯಸುತ್ತದೆ; ಅದೇ ದೇಶದಲ್ಲಿ ಫಿಸಿಕ್ಸ್ ಕಲಿಸುವವರಿಗೆ ಆ ಷರತ್ತು ಇಲ್ಲ. ಪಾಸ್‌ಪೋರ್ಟ್ ನೋಡಿ ಅರ್ಜಿ ಪಕ್ಕಕ್ಕಿಡುವ ಶಾಲೆಗಳೂ ಇವೆ. ಅದು ಅನ್ಯಾಯವೇ. ಆದರೆ ಅಂಥ ಕಡೆ ಹೊತ್ತು ಕಳೆಯುವ ಬದಲು ಶಾಲೆಯ ವೆಬ್‌ಸೈಟಿನ ಸಿಬ್ಬಂದಿ ಪುಟ ತೆರೆದು, ಸೆಕೆಂಡರಿ ವಿಭಾಗದಲ್ಲಿ ಭಾರತೀಯ ಹೆಸರುಗಳಿವೆಯೇ ಎಂದು ನೋಡಿ. ಐದು ನಿಮಿಷದ ಕೆಲಸ, ಆರು ತಿಂಗಳ ಕಾಯುವಿಕೆ ತಪ್ಪುತ್ತದೆ.

ಕನ್ನಡ ಕಲಿಸುವ ಹುದ್ದೆಯನ್ನೇ ನಂಬಿ ಹೊರಡುವುದು ಬೇಡ. ಅಂಥ ಜಾಗ ಬಲು ಅಪರೂಪ.

ಮೊದಲ ಮೆಟ್ಟಿಲು ಇದೇ ಊರಿನಲ್ಲಿ

ಮುಂಬಯಿ ಪುಣೆಯಲ್ಲಿ ಇರುವವರಿಗೆ ಇರುವ ದೊಡ್ಡ ಅನುಕೂಲವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಅಮೆರಿಕನ್ ಸ್ಕೂಲ್ ಆಫ್ ಬಾಂಬೆ, ಜುಹುವಿನ ಎಕೋಲ್ ಮೊಂಡಿಯಾಲ್, ಪುಣೆಯಾಚೆ ಮುಳಶಿ ಕಡೆ 1997ರಲ್ಲಿ ಶುರುವಾದ ಮಹೀಂದ್ರ ಯುನೈಟೆಡ್ ವರ್ಲ್ಡ್ ಕಾಲೇಜು, ಇವಲ್ಲದೆ ಠಾಣೆ, ನವಿ ಮುಂಬಯಿ, ಬಾಣೇರ್, ಹಿಂಜವಡಿ ಸುತ್ತ ಹತ್ತಾರು ಕೇಂಬ್ರಿಜ್ ಮತ್ತು ಐಬಿ ಶಾಲೆಗಳಿವೆ. ವಿದೇಶದ ದಾರಿ ಇವುಗಳೊಳಗಿಂದ ಹಾದುಹೋಗುತ್ತದೆ. ಎಸ್‌ಎಸ್‌ಸಿ ಶಾಲೆಯ ಹದಿನೈದು ವರ್ಷದ ಅನುಭವಕ್ಕಿಂತ ಐಜಿಸಿಎಸ್‌ಇಯ ಎರಡು ವರ್ಷಕ್ಕೆ ಹೊರಗಿನ ಶಾಲೆ ಹೆಚ್ಚು ತೂಕ ಕೊಡುತ್ತದೆ. ಗೋವಾದಲ್ಲಿ ಇಂಥ ಶಾಲೆಗಳು ಬೆರಳೆಣಿಕೆಯಷ್ಟೇ. ವಾಸ್ಕೋ, ಮಡಗಾಂವ್ ಕಡೆಯವರು ಪುಣೆ ಅಥವಾ ಬೆಂಗಳೂರಿನತ್ತ ನೋಡಬೇಕಾಗುತ್ತದೆ.

ಎರಡೇ ವರ್ಷ ಏಕೆ ಎಂದರೆ, ಐಜಿಸಿಎಸ್‌ಇ ಸಾಮಾನ್ಯವಾಗಿ ಎರಡು ವರ್ಷದ ಕೋರ್ಸು, ಐಬಿ ಡಿಪಿಯೂ ಎರಡು ವರ್ಷ. ಒಂದು ಬ್ಯಾಚನ್ನು ಮೊದಲ ದಿನದಿಂದ ಬೋರ್ಡ್ ಪರೀಕ್ಷೆಯವರೆಗೆ ನಡೆಸಿದ್ದೀರಿ ಅಂದರೆ ಕೈಯಲ್ಲಿ ಫಲಿತಾಂಶ ಇರುತ್ತದೆ. ನಡುವೆ ಬಿಟ್ಟು ಬಂದ ಒಂದು ವರ್ಷದ ಅನುಭವದ ಬಗ್ಗೆ ಇಂಟರ್‌ವ್ಯೂನಲ್ಲಿ "ಪರೀಕ್ಷೆಗೆ ಮುಂಚೆ ಏಕೆ ಬಿಟ್ಟಿರಿ?" ಎಂಬ ಪ್ರಶ್ನೆ ತಪ್ಪುವುದಿಲ್ಲ. ಟ್ಯೂಷನ್ ಕ್ಲಾಸಿನ ಅನುಭವ ಎಷ್ಟೇ ಇದ್ದರೂ ಶಾಲೆಯ ಪೂರ್ಣಾವಧಿ ಅನುಭವದ ಲೆಕ್ಕಕ್ಕೆ ಸಾಮಾನ್ಯವಾಗಿ ಸೇರದು.

ಈ ಶಾಲೆಗಳನ್ನು ಸೇರಲು ತಯಾರಿ ಹೀಗಿರಲಿ. ಕೇಂಬ್ರಿಜ್ ತನ್ನ ಸಿಲಬಸ್‌ಗಳನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಪ್ರತಿ ವಿಷಯಕ್ಕೂ ನಾಲ್ಕು ಅಂಕಿಯ ಕೋಡ್: ಫಿಸಿಕ್ಸ್ 0625, ಕೆಮಿಸ್ಟ್ರಿ 0620, ಬಯಾಲಜಿ 0610, ಮ್ಯಾಥಮೆಟಿಕ್ಸ್ 0580. ನಿಮ್ಮ ವಿಷಯದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮುದ್ರಿಸಿ, ಗಡಿಯಾರ ಇಟ್ಟುಕೊಂಡು ನೀವೇ ಬರೆಯಿರಿ, ಮಾರ್ಕ್ ಸ್ಕೀಮ್ ಹಿಡಿದು ನೀವೇ ತಿದ್ದಿ. ನಮ್ಮ ಬೋರ್ಡಿನ ಪತ್ರಿಕೆ ಓಮ್‌ನ ನಿಯಮ ಬರೆಯಲು ಹೇಳುವ ಕಡೆ, ಇಲ್ಲಿ ಒಂದು ತಂತಿಯ ವೋಲ್ಟೇಜು ಮತ್ತು ಕರೆಂಟಿನ ಗ್ರಾಫ್ ಕೊಟ್ಟು, ಅದು ಮೇಲೆ ಹೋದಂತೆ ಬಾಗುವುದೇಕೆ ಎಂದು ಕೇಳುತ್ತಾರೆ. 'ಸ್ಟೇಟ್' ಅಂದರೆ ಒಂದು ಸಾಲು. 'ಡಿಸ್ಕ್ರೈಬ್' ಅಂದರೆ ಕಂಡದ್ದನ್ನು ಹೇಳಬೇಕು, ಕಾರಣ ಬೇಡ. 'ಎಕ್ಸ್‌ಪ್ಲೇನ್' ಅಂದರೆ ಕಾರಣ ಬೇಕೇ ಬೇಕು. 'ಸಜೆಸ್ಟ್' ಅಂದರೆ ಪುಸ್ತಕದಲ್ಲಿಲ್ಲದ ಸನ್ನಿವೇಶಕ್ಕೆ ತಿಳಿದದ್ದನ್ನು ಹೊಂದಿಸಬೇಕು. ಈ ನಾಲ್ಕು ಪದಗಳ ವ್ಯತ್ಯಾಸ ಮಕ್ಕಳಿಗೆ ಹೇಗೆ ಕಲಿಸುತ್ತೀರಿ ಎಂದು ಹೇಳಬಲ್ಲವರು ಇಂಟರ್‌ವ್ಯೂನಲ್ಲಿ ಅರ್ಧ ಗೆದ್ದಂತೆ. ಇಂಥ ಹತ್ತು ಪತ್ರಿಕೆ ಮುಗಿಸಿ ಹೋಗಿ.

ಐಬಿ ಶಾಲೆ ಸೇರಿದರೆ ಹೊಸಬರಿಗಾಗಿ ಇರುವ ಕೆಟಗರಿ ಒನ್ ವರ್ಕ್‌ಶಾಪಿಗೆ ಕಳಿಸಿ ಎಂದು ಮೊದಲ ವರ್ಷವೇ ಕೇಳಿ. ಹೆಚ್ಚಾಗಿ ಖರ್ಚು ಶಾಲೆಯೇ ಹಾಕುತ್ತದೆ. ಆ ಸರ್ಟಿಫಿಕೇಟನ್ನು ಜೋಪಾನವಾಗಿಡಿ.

ಕನ್ನಡ ಮಾಧ್ಯಮದಲ್ಲಿ ಕಲಿಸುತ್ತಿರುವವರಿಗೆ ಒಂದು ಮಾತು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ, ನಮ್ಮ ಸಂಘಸಂಸ್ಥೆಗಳ ಶಾಲೆಗಳಲ್ಲಿ ಒಳ್ಳೆಯ ಶಿಕ್ಷಕರಿದ್ದಾರೆ. ಅವರಿಗೆ ತೊಡಕಾಗುವುದು ಎರಡು: ಇಂಗ್ಲಿಷಿನಲ್ಲಿ ಪಾಠ ಹೇಳುವ ರೂಢಿ ಮತ್ತು ಪದವಿ. ಟಿಸಿಎಚ್ ಅಥವಾ ಡಿ.ಎಡ್. ಮಾತ್ರ ಇದ್ದರೆ ಸಾಲದು. ಪದವಿ ಇಲ್ಲದೆ ಕೆಲಸದ ವೀಸಾ ಸಿಗುವುದು ಕಷ್ಟ, ಬಿ.ಎಡ್. ಇಲ್ಲದೆ ಶಾಲೆ ಒಪ್ಪುವುದು ಕಷ್ಟ. ಇಂಗ್ಲಿಷಿಗೆ ಒಂದು ಸರಳ ಅಭ್ಯಾಸ: ವಾರಕ್ಕೊಮ್ಮೆ ಹತ್ತು ನಿಮಿಷದ ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮಾರನೆಯ ದಿನ ಕೇಳಿ. ಆರು ತಿಂಗಳಲ್ಲಿ ಆಗುವ ಬದಲಾವಣೆ ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಅನುದಾನಿತ ಶಾಲೆಯ ಕಾಯಂ ಹುದ್ದೆಯಲ್ಲಿರುವವರು ಮಾತ್ರ ಆತುರದಲ್ಲಿ ರಾಜೀನಾಮೆ ಕೊಡಬೇಡಿ. ನಿವೃತ್ತಿ ಸೌಲಭ್ಯದಲ್ಲಿ ಏನು ಕಳೆದುಕೊಳ್ಳುತ್ತೀರಿ ಎಂಬುದನ್ನು ಶಾಲೆಯ ಕ್ಲರ್ಕ್ ಹತ್ತಿರ ಕಾಗದದ ಮೇಲೆ ಬರೆಸಿ ನೋಡಿ.

ಇಂಗ್ಲೆಂಡಿನ ಕ್ಯುಟಿಎಸ್ (ಕ್ವಾಲಿಫೈಡ್ ಟೀಚರ್ ಸ್ಟೇಟಸ್), ಅಂದರೆ ಅಲ್ಲಿನ ಅಧಿಕೃತ ಶಿಕ್ಷಕ ಅರ್ಹತೆಯ ಬಗ್ಗೆಯೂ ತಿಳಿದಿರಲಿ. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಶಿಕ್ಷಣ ಇಲಾಖೆ ಭಾರತದಲ್ಲಿ ತರಬೇತಿ ಪಡೆದ ಶಿಕ್ಷಕರಿಗೂ ಈ ಅರ್ಹತೆಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿತು. 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕೆಂಬುದು ಷರತ್ತು. ದುಬೈಯಿಂದ ಸಿಂಗಾಪುರದವರೆಗೆ ಬ್ರಿಟಿಷ್ ಶಾಲೆಗಳ ಜಾಹೀರಾತಿನಲ್ಲಿ ಮೊದಲ ಸಾಲಿನಲ್ಲೇ ಕ್ಯುಟಿಎಸ್ ಕೇಳುವುದರಿಂದ ಪ್ರಯತ್ನಿಸುವುದು ಒಳ್ಳೆಯದು. ದುಡ್ಡು ಕಟ್ಟಿ ದೂರಶಿಕ್ಷಣದಲ್ಲಿ ಮಾಡುವ ಪಿಜಿಸಿಇಐ ಎಂಬ ಶಿಕ್ಷಕ ತರಬೇತಿ ಕೋರ್ಸು ಬೇರೆ. ಅದರಿಂದ ಕ್ಯುಟಿಎಸ್ ಬರುವುದಿಲ್ಲ. ಇವೆರಡೂ ಒಂದೇ ಎಂದು ಕೋರ್ಸ್ ಮಾರುವವರು ಹೇಳಿದರೆ ನಂಬಬೇಡಿ.

ಕಾಗದಪತ್ರ: ಕೈಗೆ ಬಂದ ತುತ್ತು ತಪ್ಪುವುದು ಇಲ್ಲಿಯೇ

ಆಫರ್ ಬಂದ ಮೇಲೆ ಕಾಗದ ಹುಡುಕಲು ಹೊರಟವರು ಕೆಲಸ ಕಳೆದುಕೊಳ್ಳುತ್ತಾರೆ. ಶಾಲೆ ಆಗಸ್ಟಿಗೆ ಶುರುವಾಗುತ್ತದೆ. ಅದು ನಿಮ್ಮ ಡಿಗ್ರಿ ಸರ್ಟಿಫಿಕೇಟಿಗಾಗಿ ಕಾಯುವುದಿಲ್ಲ. ಆದ್ದರಿಂದ ಅರ್ಜಿ ಹಾಕುವುದಕ್ಕೂ ಮೊದಲೇ ಎಲ್ಲ ಮೂಲಪ್ರತಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಸರುಗಳನ್ನು ಅಕ್ಷರ ಅಕ್ಷರ ಓದಿ.

ನಮ್ಮವರಿಗೆ ಕಂಟಕ ಆಗುವುದು ಹೆಸರು. ಉಡುಪಿ ಕಡೆ ಎಸ್‌ಎಸ್‌ಎಲ್‌ಸಿ ಮುಗಿಸಿ, ಮುಂಬಯಿಯಲ್ಲಿ ಬಿ.ಎಡ್. ಮಾಡಿ, ಮದುವೆಯಾದ ಶಿಕ್ಷಕಿಯೊಬ್ಬರ ಫೈಲು ಹೀಗಿರಬಹುದು: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಸುಜಾತಾ ಎಂ.', ಮಹಾರಾಷ್ಟ್ರದ ಪದ್ಧತಿಯಂತೆ ಬಿ.ಎಡ್. ಪ್ರಮಾಣಪತ್ರದಲ್ಲಿ 'ಶೆಟ್ಟಿ ಸುಜಾತಾ ಮಂಜಯ್ಯ', ಪಾಸ್‌ಪೋರ್ಟಿನಲ್ಲಿ 'ಸುಜಾತಾ ರಮೇಶ್ ಹೆಗ್ಡೆ'. ನಮಗೆ ಇದು ಒಬ್ಬರೇ ಎಂದು ತಟ್ಟನೆ ಹೊಳೆಯುತ್ತದೆ. ವೀಸಾ ಕೌಂಟರಿನಲ್ಲಿ ಕೂತವರಿಗೆ ಮೂವರು ಹೆಂಗಸರು ಕಾಣುತ್ತಾರೆ. ವೀಸಾ ನಿಲ್ಲುವುದು ಪಾಸ್‌ಪೋರ್ಟಿನ ಮೇಲೆ, ಹಾಗಾಗಿ ಅದನ್ನೇ ಆಧಾರ ಮಾಡಿಕೊಂಡು, ಉಳಿದ ಕಾಗದಗಳನ್ನು ಅದಕ್ಕೆ ಜೋಡಿಸುವ ಕೊಂಡಿಗಳನ್ನು ಸಿದ್ಧಪಡಿಸಿ: ಮದುವೆ ನೋಂದಣಿ ಪತ್ರ, ಮೂರೂ ಹೆಸರು ಒಬ್ಬರದೇ ಎಂಬ ಅಫಿಡವಿಟ್, ಹೆಸರು ಬದಲಾಗಿದ್ದರೆ ರಾಜ್ಯ ಗೆಜೆಟಿನ ಪ್ರಕಟಣೆ. ಇವು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅಧಿಕೃತ ಅನುವಾದ ಮಾಡಿಸಿ.

ಇನ್ನೊಂದು, ಹಳೆ ಮೈಸೂರು ಕಡೆಯವರು ಮುಖ್ಯವಾಗಿ ನೋಡಿಕೊಳ್ಳಬೇಕಾದದ್ದು: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇರುವುದು. 2022ರ ನವೆಂಬರಿನಲ್ಲಿ ಯುಎಇ, ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ವಿಸಿಟ್ ಮತ್ತು ಟೂರಿಸ್ಟ್ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟನ್ನು ಮೊದಲೇ ಮರುಮುದ್ರಣ ಮಾಡಿಸಿಕೊಂಡರೆ ಸಂಸಾರದವರ ವೀಸಾಕ್ಕೂ ಅನುಕೂಲ.

ಹೆಸರು ಸರಿಯಾದ ಮೇಲೆ ದೃಢೀಕರಣ. ಒಂದು ದೇಶ ಕೊಟ್ಟ ಒಂದೇ ದೃಢೀಕರಣವನ್ನು (ಅಪಾಸ್ಟಿಲ್) ಉಳಿದ ಸದಸ್ಯ ದೇಶಗಳು ಒಪ್ಪುವ ಹೇಗ್ ಅಪಾಸ್ಟಿಲ್ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಒಪ್ಪಂದದಲ್ಲಿರುವ ಒಮಾನ್, ಬಹರೈನ್, ಸೌದಿ ಅರೇಬಿಯಾ, ಸಿಂಗಾಪುರ, ಜಪಾನ್ ಮೊದಲಾದ ದೇಶಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಸ್ಟಿಕ್ಕರ್ ಸಾಕು. ಯುಎಇ, ಕತಾರ್, ಕುವೈತ್‌ಗಳಿಗೆ ಅದು ನಡೆಯುವುದಿಲ್ಲ; ಸಚಿವಾಲಯದ ದೃಢೀಕರಣದ ಮೇಲೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕು, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕು. ಯುಎಇ ಕಾನ್ಸುಲೇಟ್ ಮುಂಬಯಿಯಲ್ಲೇ ಇದೆ.

ಸರಪಳಿ ಶುರುವಾಗುವುದು ರಾಜ್ಯ ಸರಕಾರದಿಂದ, ಎಲ್ಲರೂ ಎಡವುವುದೂ ಅಲ್ಲೇ. ಪದವಿ ಯಾವ ರಾಜ್ಯದ ವಿಶ್ವವಿದ್ಯಾಲಯದ್ದೋ ಆ ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣ ಬೇಕು. ಬಿ.ಎಸ್ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, ಬಿ.ಎಡ್. ಮುಂಬಯಿ ವಿಶ್ವವಿದ್ಯಾಲಯದ್ದು ಎಂದಾದರೆ ಒಂದು ಕಾಗದ ಬೆಂಗಳೂರಿಗೆ ಹೋಗಬೇಕು, ಇನ್ನೊಂದಕ್ಕೆ ಮುಂಬಯಿಯಲ್ಲೇ ಆಗುತ್ತದೆ. ಗೋವಾ ವಿಶ್ವವಿದ್ಯಾಲಯದ ಪದವಿಗೆ ಗೋವಾ ಸರಕಾರ. ಮದುವೆ, ಜನನ ಪ್ರಮಾಣಪತ್ರಗಳದ್ದು ಬೇರೆ ದಾರಿ. ಅವನ್ನು ಆಯಾ ರಾಜ್ಯದ ಗೃಹ ಅಥವಾ ಸಾಮಾನ್ಯ ಆಡಳಿತ ಇಲಾಖೆ ನೋಡುತ್ತದೆ. ರಾಜ್ಯದ ಇಲಾಖೆಯ ಬದಲು ಎಸ್‌ಡಿಎಂ (ಉಪವಿಭಾಗದ ಮ್ಯಾಜಿಸ್ಟ್ರೇಟ್) ಮೂಲಕ ಬೇಗ ಮಾಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಎಲ್ಲ ದೇಶ ಅದನ್ನು ಒಪ್ಪುವುದಿಲ್ಲ, ಆದ್ದರಿಂದ ಶಾಲೆಯ ಎಚ್‌ಆರ್ ವಿಭಾಗಕ್ಕೆ ಇಮೇಲ್ ಮಾಡಿ ಕೇಳಿದ ಮೇಲೆ ಮುಂದುವರಿಯಿರಿ. ಸಚಿವಾಲಯ ಕಾಗದಗಳನ್ನು ಜನರಿಂದ ನೇರ ತೆಗೆದುಕೊಳ್ಳುವುದಿಲ್ಲ, ತಾನು ನೇಮಿಸಿದ ಏಜೆನ್ಸಿಗಳ ಮೂಲಕವೇ ಪಡೆಯುತ್ತದೆ. ಅಪಾಸ್ಟಿಲ್‌ಗೆ ಸರಕಾರದ ಶುಲ್ಕ ಪ್ರತಿ ಕಾಗದಕ್ಕೆ 50 ರೂಪಾಯಿ ಮಾತ್ರ. ಅದರ ಮೇಲಿನದೆಲ್ಲ ಸೇವಾ ಶುಲ್ಕ, ಓಡಾಟದ ಖರ್ಚು. ಸಾವಿರಗಟ್ಟಲೆ ಕೇಳಿದಾಗ ಯಾವ ಹಂತಕ್ಕೆ ಎಷ್ಟು ಎಂದು ಬಿಡಿಸಿ ಬರೆದುಕೊಡಲು ಹೇಳಿ. ಇಡೀ ಸರಪಳಿಗೆ ಎರಡು ತಿಂಗಳು ಇಟ್ಟುಕೊಳ್ಳುವುದು ಕ್ಷೇಮ.

ಡಿಗ್ರಿ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಬೇಡಿ. ಮುದ್ರೆ, ಸ್ಟಿಕ್ಕರ್ ಬೀಳುವುದು ಕಾಗದದ ಹಿಂಬದಿಯಲ್ಲಿ. ಪ್ಲಾಸ್ಟಿಕ್ ಮೇಲೆ ಅದು ನಿಲ್ಲದು. ಬಿಸಿಮಾಡಿ ಕೀಳಲು ಹೋಗಿ ಕುಲಪತಿಗಳ ಸಹಿಯೇ ಎದ್ದುಬಂದರೆ ಡೂಪ್ಲಿಕೇಟಿಗಾಗಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕು. ಈಗಾಗಲೇ ಲ್ಯಾಮಿನೇಟ್ ಆಗಿದ್ದರೆ ಡೂಪ್ಲಿಕೇಟಿಗೆ ಇಂದೇ ಅರ್ಜಿ ಹಾಕಿ. ಪ್ರೊವಿಷನಲ್ ಸರ್ಟಿಫಿಕೇಟ್ ನಂಬಿ ಕೂರಬೇಡಿ, ಘಟಿಕೋತ್ಸವದ ಪ್ರಮಾಣಪತ್ರ ತೆಗೆಸಿಡಿ. ಕೊಲ್ಲಿ ದೇಶಗಳಲ್ಲಿ ಪದವಿ ರೆಗ್ಯುಲರ್ ಆಗಿ ಓದಿದ್ದೇ, ಕರೆಸ್ಪಾಂಡೆನ್ಸ್ ಮೂಲಕವೇ ಎಂದು ಕೇಳುತ್ತಾರೆ. ಕಾಲೇಜಿಗೆ ಹೋಗಿ ಓದಿದ್ದೆಂಬ ಪತ್ರವನ್ನು ವಿಶ್ವವಿದ್ಯಾಲಯದಿಂದ ಈಗಲೇ ಪಡೆದಿಟ್ಟರೆ ಆಮೇಲಿನ ಪರದಾಟ ತಪ್ಪುತ್ತದೆ.

ಅನುಭವ ಪತ್ರ 'ಇವರು ನಮ್ಮಲ್ಲಿ ಶಿಕ್ಷಕರಾಗಿದ್ದರು, ನಡತೆ ಒಳ್ಳೆಯದು' ಎಂಬ ಎರಡು ಸಾಲಿನದಾದರೆ ಪ್ರಯೋಜನವಿಲ್ಲ. ಹುದ್ದೆ, ವಿಷಯ, ತರಗತಿಗಳು, ಬೋರ್ಡು, ಪೂರ್ಣಾವಧಿ ಎಂಬ ಮಾತು, ಸೇರಿದ ಮತ್ತು ಬಿಟ್ಟ ದಿನಾಂಕ, ಲೆಟರ್‌ಹೆಡ್, ಶಾಲೆಯ ಫೋನು, ಪ್ರಾಂಶುಪಾಲರ ಸಹಿ, ಮೊಹರು, ಎಲ್ಲ ಇರಲಿ. ಹಿಂದೆ ಕೆಲಸ ಮಾಡಿದ ಶಾಲೆ ಮುಚ್ಚಿಹೋಗುವ ಮುನ್ನ ಅಲ್ಲಿಗೂ ಹೋಗಿ ತನ್ನಿ.

ಅರ್ಜಿಯ ಕಾಲ ಮತ್ತು ರೀತಿ

ಐಬಿ, ಬ್ರಿಟಿಷ್, ಅಮೆರಿಕನ್ ಶಾಲೆಗಳು ಬಹುತೇಕ ಆಗಸ್ಟ್ ಸೆಪ್ಟೆಂಬರಿನಲ್ಲಿ ತೆರೆಯುತ್ತವೆ. ಮುಂದಿನ ವರ್ಷಕ್ಕೆ ಯಾರು ಉಳಿಯುತ್ತಾರೆ, ಯಾರು ಬಿಡುತ್ತಾರೆ ಎಂದು ಅವು ಅಕ್ಟೋಬರಿನಿಂದ ಡಿಸೆಂಬರ್ ಒಳಗೆ ತಮ್ಮ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳುತ್ತವೆ. ಜಾಹೀರಾತು ಬರುವುದು ಅದರ ಬೆನ್ನಿಗೆ. ನವೆಂಬರಿನಿಂದ ಮಾರ್ಚ್‌ವರೆಗೆ ಹೆಚ್ಚಿನ ನೇಮಕ. ಮೊದಲ ಸಲ ಹೋಗುವವರಿಗೆ ಏಪ್ರಿಲ್ ಮೇ ಕೂಡ ಒಳ್ಳೆಯ ಕಾಲ, ಒಪ್ಪಿಕೊಂಡವರು ಕೈಕೊಟ್ಟಾಗ ಶಾಲೆಗಳು ಅವಸರದಲ್ಲಿರುತ್ತವೆ, ಪಾಸ್‌ಪೋರ್ಟಿನ ಬಣ್ಣಕ್ಕಿಂತ ವಿಷಯಜ್ಞಾನ ನೋಡುತ್ತವೆ. ಕಾಗದ ಮೊದಲೇ ಸಿದ್ಧವಿದ್ದವರಿಗೆ ಆಗ ಅದೃಷ್ಟ ಒಲಿಯುತ್ತದೆ. ಕೊಲ್ಲಿಯ ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲಿಗೆ ಶುರು, ಅವಕ್ಕೆ ನವೆಂಬರಿನಿಂದ ಫೆಬ್ರವರಿಯೊಳಗೆ ಅರ್ಜಿ ಹೋಗಿರಬೇಕು.

ಟೆಸ್, ಟೀಚರ್ ಹೊರೈಜನ್ಸ್, ಸರ್ಚ್ ಅಸೋಸಿಯೇಟ್ಸ್, ಐಎಸ್‌ಎಸ್ ಇವು ಜಗತ್ತಿನೆಲ್ಲೆಡೆಯ ಶಾಲೆಗಳು ಬಳಸುವ ತಾಣಗಳು. ಟೆಸ್‌ನಲ್ಲಿ ಜಾಹೀರಾತು ನೋಡಲು ಶಿಕ್ಷಕರು ದುಡ್ಡು ಕೊಡಬೇಕಿಲ್ಲ. ಶುರುವಿಗೆ ಉಚಿತವಾದವು ಸಾಕು. ಇದರ ಜೊತೆಗೆ ಆಯ್ದ ಇಪ್ಪತ್ತು ಶಾಲೆಗಳ ಹೆಸರು ಬರೆದಿಟ್ಟುಕೊಂಡು, ಅವುಗಳ ವೆಬ್‌ಸೈಟಿನ ಉದ್ಯೋಗ ಪುಟವನ್ನು ಪ್ರತಿ ಭಾನುವಾರ ನೋಡಿ.

ಬಯೊಡೇಟಾ ಎರಡು ಪುಟ. ತಂದೆಯ ಹೆಸರು, ಜಾತಿ, ಧರ್ಮ ಬೇಡ. ಮೇಲುಗಡೆಯೇ ವಿಷಯ, ಪಠ್ಯಕ್ರಮ, ಕೋಡ್, ವರ್ಷ ಕಾಣಲಿ. 'ಒಂಬತ್ತು ಹತ್ತನೇ ತರಗತಿಗೆ ವಿಜ್ಞಾನ, 100% ಫಲಿತಾಂಶ' ಎಂಬ ಸಾಲು ಅಲ್ಲಿಯವರಿಗೆ ಏನೂ ಹೇಳುವುದಿಲ್ಲ. 'ಐಜಿಸಿಎಸ್‌ಇ ಫಿಸಿಕ್ಸ್ 0625, 24 ಮಕ್ಕಳು, ಎರಡು ವರ್ಷ. 9 ಮಂದಿಗೆ ಎ ಅಥವಾ ಎ ಸ್ಟಾರ್. ಪ್ರಯೋಗ ಪತ್ರಿಕೆಗೆ 18 ಹೊಸ ವರ್ಕ್‌ಶೀಟ್ ತಯಾರಿ' ಎಂದು ಬರೆದರೆ ತರಗತಿ ಕಣ್ಣಿಗೆ ಕಟ್ಟುತ್ತದೆ. ಅಂಕಿಗಳು ನಿಮ್ಮವೇ ಆಗಿರಲಿ, ನಿಜವಾಗಿರಲಿ. ಶಾಲೆಗೆ ಫೋನು ಮಾಡಿ ಪರಿಶೀಲಿಸುತ್ತಾರೆ. ನಡುವೆ ಹೆರಿಗೆಗೋ ಮನೆಯವರ ಆರೈಕೆಗೋ ಬಿಟ್ಟ ತಿಂಗಳುಗಳನ್ನು ಮುಚ್ಚಿಡದೆ ಒಂದು ಸಾಲಿನಲ್ಲಿ ಬರೆಯಿರಿ. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯ ಶಾಲೆಗಳು ಪ್ರತಿ ಖಾಲಿ ಅವಧಿಗೂ ವಿವರಣೆ ಕೇಳುತ್ತವೆ. ಗಂಡ ಹೆಂಡತಿ ಇಬ್ಬರೂ ಶಿಕ್ಷಕರಾದರೆ ಅದನ್ನು ಮೊದಲೇ ತಿಳಿಸಿ. ಒಂದೇ ಮನೆಯಲ್ಲಿ ಇಬ್ಬರು ಶಿಕ್ಷಕರು ಸಿಗುವುದು ಶಾಲೆಗೂ ಲಾಭ.

ರೆಫರೆನ್ಸ್ ವಿಷಯದಲ್ಲಿ ಈಗಿನ ಪ್ರಾಂಶುಪಾಲರ ಮಾತು ಬೇಕೇ ಬೇಕು, ಅದೂ ಶಾಲೆಯ ಅಧಿಕೃತ ಇಮೇಲಿನಿಂದ ಗುಟ್ಟಾಗಿ ಹೋಗಬೇಕು. ಜಿಮೇಲಿನಿಂದ ಬಂದ ಶಿಫಾರಸನ್ನು ಬದಿಗಿಡುವುದುಂಟು. ಹೇಳದೆಯೇ ಅರ್ಜಿ ಹಾಕಿ, ಕೊನೆಗೆ ಅಲ್ಲಿಂದ ಫೋನು ಬಂದಾಗ ಪ್ರಾಂಶುಪಾಲರಿಗೆ ವಿಷಯ ತಿಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ದೀಪಾವಳಿ ರಜೆಗೆ ಮುಂಚೆ ಒಂದು ಮಧ್ಯಾಹ್ನ ಹೋಗಿ, "ಮೇಡಮ್, ಮುಂದಿನ ವರ್ಷ ಹೊರಗೆ ಪ್ರಯತ್ನ ಮಾಡಬೇಕೆಂದಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ಎಲ್ಲೂ ಹೋಗುವುದಿಲ್ಲ" ಎಂದು ಹೇಳಿ.

ಇಂಟರ್‌ವ್ಯೂ

ಸಾಮಾನ್ಯವಾಗಿ ವಿಡಿಯೊ ಕರೆಯಲ್ಲಿ ಎರಡು ಸುತ್ತು, ಕೆಲವೊಮ್ಮೆ ಡೆಮೊ ಪಾಠ. ಅಲ್ಲಿನ ಸಮಯ ಎಷ್ಟು ಎಂದು ಲೆಕ್ಕ ಹಾಕುವಾಗ ಎಚ್ಚರ: ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸಿಂಗಾಪುರ ಎರಡೂವರೆ ಗಂಟೆ ಮುಂದೆ.

ಡೆಮೊ ಪಾಠದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ, ಇಪ್ಪತ್ತು ನಿಮಿಷವೂ ತಾವೇ ಮಾತಾಡುವುದು. ಸಾಂದ್ರತೆಯ ಪಾಠ ಎಂದುಕೊಳ್ಳಿ. ಮೊದಲ ಮೂರು ನಿಮಿಷ ನೀರು ತುಂಬಿದ ಎರಡು ಗ್ಲಾಸು, ಒಂದರಲ್ಲಿ ನಾಲ್ಕೈದು ಚಮಚ ಉಪ್ಪು ಕರಗಿಸಿದೆ. ಒಂದೇ ಮೊಟ್ಟೆ ಒಂದರಲ್ಲಿ ಮುಳುಗುತ್ತದೆ, ಇನ್ನೊಂದರಲ್ಲಿ ತೇಲುತ್ತದೆ. ಕಾರಣ ಹೇಳಬೇಡಿ, ಊಹೆ ಬರೆಯಲು ಹೇಳಿ. ಮುಂದಿನ ಏಳು ನಿಮಿಷ ತೂಕ ಮತ್ತು ಗಾತ್ರದ ಅಂಕಿ ಕೊಟ್ಟು ಅವರಿಂದಲೇ ಭಾಗಿಸಿಸಿ. ಆಮೇಲೆ ಮೂರು ಮಟ್ಟದ ಮೂರು ಲೆಕ್ಕ: ತಡವರಿಸುವವರಿಗೆ ಸೂತ್ರ ಬರೆದ ಚೀಟಿ, ಬೇಗ ಮುಗಿಸಿದವರಿಗೆ ಹಡಗು ಏಕೆ ತೇಲುತ್ತದೆ ಎಂಬ ಪ್ರಶ್ನೆ. ಕೊನೆಗೆ ಎರಡು ನಿಮಿಷ, ಮೊದಲು ಬರೆದ ಊಹೆಯನ್ನು ಅವರೇ ತಿದ್ದಿಕೊಳ್ಳಲಿ. ನೋಡುವವರು ಎಣಿಸುವುದು ನಿಮ್ಮ ಮಾತನ್ನಲ್ಲ, ಮಕ್ಕಳು ಎಷ್ಟು ಯೋಚಿಸಿದರು ಎಂಬುದನ್ನು.

ಮಕ್ಕಳ ಸುರಕ್ಷತೆಯ ಪ್ರಶ್ನೆ ತಪ್ಪದೆ ಬರುತ್ತದೆ. "ಮಿಸ್, ಯಾರಿಗೂ ಹೇಳಬೇಡಿ ಅಂದರೆ ಒಂದು ವಿಷಯ ಹೇಳುತ್ತೇನೆ" ಎಂದು ವಿದ್ಯಾರ್ಥಿನಿ ಬಂದು ಮನೆಯಲ್ಲಿ ಹೊಡೆತ ತಿನ್ನುವ ಸುಳಿವು ಕೊಟ್ಟರೆ ಏನು ಮಾಡುತ್ತೀರಿ? ತಂದೆ ತಾಯಿಯನ್ನು ಕರೆಸಿ ಬುದ್ಧಿ ಹೇಳುತ್ತೇನೆ ಎಂದವರ ಆಯ್ಕೆ ಅಲ್ಲಿಗೇ ಮುಗಿಯಬಹುದು, ಏಕೆಂದರೆ ಅದರಿಂದ ಮಗುವಿಗೆ ಅಪಾಯ ಹೆಚ್ಚುತ್ತದೆ. ಗುಟ್ಟಾಗಿಡುವ ಮಾತು ಕೊಡಲಾಗದೆಂದು ಮಗುವಿಗೆ ಮೆಲ್ಲನೆ ತಿಳಿಸುವುದು, ಅಡ್ಡ ಪ್ರಶ್ನೆ ಹಾಕದೆ ಕೇಳಿಸಿಕೊಳ್ಳುವುದು, ಮಗುವಿನ ಮಾತನ್ನೇ ದಿನಾಂಕ ಸಮಯದೊಂದಿಗೆ ಅದೇ ದಿನ ಬರೆದು ಶಾಲೆಯ ಸೇಫ್‌ಗಾರ್ಡಿಂಗ್ ಲೀಡ್‌ಗೆ (ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರಿಗೆ) ಒಪ್ಪಿಸುವುದು, ಬೇರೆ ಶಿಕ್ಷಕರ ಬಳಿ ಆಡದಿರುವುದು: ಸರಿಯಾದ ಉತ್ತರ ಇದು. ನಮ್ಮ 2012ರ ಪೋಕ್ಸೊ ಕಾಯ್ದೆಯಲ್ಲೂ ಲೈಂಗಿಕ ಅಪರಾಧದ ವಿಷಯ ತಿಳಿದವರು ವರದಿ ಮಾಡಲೇಬೇಕೆಂದಿದೆ, ಅದರ ತರಬೇತಿ ಪಡೆದಿದ್ದರೆ ಹೇಳಿ.

ಆಫರ್ ಪತ್ರ ಓದುವುದು

ಒಟ್ಟು ಸಂಬಳ ನೋಡಿ ಹಿಗ್ಗಬೇಡಿ, ಬೇಸಿಕ್ ಎಷ್ಟು ಎಂದು ನೋಡಿ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿ ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ಬೇಸಿಕ್. ಉದಾಹರಣೆಗೆ ಎರಡು ಶಾಲೆ 9,000 ದಿರ್‌ಹಮ್‌ನ ಆಫರ್ ಕೊಟ್ಟಿವೆ; ಒಂದರಲ್ಲಿ ಬೇಸಿಕ್ 6,000, ಇನ್ನೊಂದರಲ್ಲಿ 4,000. ಮೂರು ವರ್ಷದ ನಂತರ ಮೊದಲನೆಯದರಲ್ಲಿ 12,600, ಎರಡನೆಯದರಲ್ಲಿ 8,400.

ಮನೆ ಶಾಲೆಯದೇ, ಭತ್ಯೆಯೇ? ದುಬೈಯಲ್ಲಿ ವರ್ಷದ ಬಾಡಿಗೆಯನ್ನು ಕೆಲವೇ ಚೆಕ್ಕುಗಳಲ್ಲಿ ಮುಂಗಡ ಕೊಡುವ ಪದ್ಧತಿ ಇದೆ. ಭತ್ಯೆ ತಿಂಗಳು ತಿಂಗಳು ಬಂದರೆ ಮೊದಲ ಚೆಕ್ಕಿಗೆ ದುಡ್ಡೆಲ್ಲಿಂದ ಎಂದು ಯೋಚಿಸಿ, ಮುಂಗಡ ಕೊಡುವಿರಾ ಎಂದು ಶಾಲೆಯನ್ನು ಕೇಳಿ. ವಿಮಾನದ ಟಿಕೆಟ್ ವರ್ಷಕ್ಕೊಮ್ಮೆಯೇ, ಒಪ್ಪಂದ ಮುಗಿದಾಗಲೇ? ಮಕ್ಕಳ ಫೀಸಿನಲ್ಲಿ ಎಷ್ಟು ವಿನಾಯಿತಿ? ಬೇಸಿಗೆ ರಜೆಯ ಸಂಬಳ ಉಂಟೇ? ನಡುವೆ ಬಿಟ್ಟರೆ ದಂಡ ಎಷ್ಟು? ಎಲ್ಲ ಉತ್ತರ ಬರವಣಿಗೆಯಲ್ಲಿ ಇರಲಿ.

ಏಜೆಂಟರ ಬಗ್ಗೆ ಚಿಕ್ಕದಾಗಿ. 1983ರ ಎಮಿಗ್ರೇಶನ್ ಕಾಯ್ದೆಯಡಿ ನೋಂದಣಿಯಾದ ಏಜೆಂಟರ ಹೆಸರು ಇ-ಮೈಗ್ರೇಟ್ ಪೋರ್ಟಲಿನಲ್ಲಿ ಸಿಗುತ್ತದೆ. ಅವರು ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ರಸೀದಿ ಸಮೇತ. ಒಳ್ಳೆಯ ಶಾಲೆ ಶಿಕ್ಷಕರಿಂದ 'ವೀಸಾ ಪ್ರೊಸೆಸಿಂಗ್' ಎಂದು ದುಡ್ಡು ಕೇಳುವುದಿಲ್ಲ. ಆಫರ್ ಬಂದ ಕೂಡಲೇ ಪತ್ರದಲ್ಲಿರುವ ನಂಬರಿಗೆ ಅಲ್ಲ, ಶಾಲೆಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನು ಮಾಡಿ ಕೇಳಿ. ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸುತ್ತೇವೆ ಎಂದರೆ ಕೆಲಸದ ಪರವಾನಗಿ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ.

ಹೊರಡುವ ಮುನ್ನ

ಮಹಾರಾಷ್ಟ್ರದ ಖಾಸಗಿ ಶಾಲೆಗಳ ನೌಕರರಿಗೆ 1977ರ ಎಂಇಪಿಎಸ್ ಕಾಯ್ದೆ ಮತ್ತು ಅದರ ನಿಯಮಗಳಿವೆ. ಅವು ಅನ್ವಯಿಸುವ ಶಾಲೆಯಲ್ಲಿ ಕಾಯಂ ಶಿಕ್ಷಕರು ಮೂರು ತಿಂಗಳ ನೋಟಿಸ್ ಕೊಡಬೇಕು, ಕಾಯಂ ಅಲ್ಲದವರು ಒಂದು ತಿಂಗಳು. ನಿಮ್ಮ ನೇಮಕ ಪತ್ರದಲ್ಲಿ ಏನಿದೆ ಎಂದೂ ನೋಡಿ. ನೋಟಿಸ್ ಪೂರೈಸದೆ ಹೊರಟರೆ ರಿಲೀವಿಂಗ್ ಪತ್ರ ಸಿಗದು, ಅದಿಲ್ಲದೆ ಹೊಸ ಶಾಲೆ ತೆಗೆದುಕೊಳ್ಳದು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾ ಪೋರ್ಟಲಿನಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಇದನ್ನು ಮಾತ್ರ ಬಹಳ ಮೊದಲೇ ತೆಗೆಸಬೇಡಿ. ಹೆಚ್ಚಿನ ಕಡೆ ಆರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ. ಮುಂಬಯಿಯಲ್ಲಿ ಬಾಡಿಗೆ ಮನೆ ಬದಲಾಯಿಸಿ ಪಾಸ್‌ಪೋರ್ಟಿನ ವಿಳಾಸ ಹಳೆಯದೇ ಉಳಿದಿದ್ದರೆ ಪೊಲೀಸ್ ಪರಿಶೀಲನೆ ಅಲ್ಲಿಗೇ ನಿಲ್ಲುತ್ತದೆ, ಅದನ್ನು ಮೊದಲು ಸರಿಮಾಡಿಸಿ. ಕೊಲ್ಲಿ ದೇಶಗಳ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇಯೇ ಮುಖ್ಯ. ಹಿಂದೆ ಕ್ಷಯ ಬಂದು ಗುಣವಾದ ಕಲೆ ಕಂಡರೂ 'ಅನ್‌ಫಿಟ್' ಎನ್ನಬಹುದು. ಅಂಥ ಇತಿಹಾಸ ಇದ್ದವರು ಆಫರ್ ಒಪ್ಪುವ ಮುನ್ನ ತಮ್ಮ ಡಾಕ್ಟರ ಹತ್ತಿರ ಒಂದು ಎಕ್ಸ್‌ರೇ ತೆಗೆಸಿ, ಬೇಕಾದರೆ ಕೊಲ್ಲಿ ಬಿಟ್ಟು ಬೇರೆ ದೇಶದತ್ತ ನೋಡಿ.

ತೆರಿಗೆಯಲ್ಲಿ ಹೊರಡುವ ದಿನಾಂಕವೂ ಲೆಕ್ಕಕ್ಕೆ ಬರುತ್ತದೆ. ಕೆಲಸಕ್ಕಾಗಿ ಹೊರಡುವ ಭಾರತೀಯರು ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷಕ್ಕೆ ಅನಿವಾಸಿ. ಆಗಸ್ಟಿನಲ್ಲಿ ಹೋದವರು ಈ ಮಿತಿಯೊಳಗೆ ಬರುತ್ತಾರೆ. ಆದರೆ ಡಿಸೆಂಬರ್ ರಜೆಗೆ ಊರಿಗೆ ಬಂದ ದಿನಗಳೂ ಎಣಿಕೆಗೆ ಸೇರುತ್ತವೆ. ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ತಿಳಿಸಿ.

ದೃಢೀಕರಣವಾದ ಮೂಲಪ್ರತಿಗಳನ್ನು ಚೆಕ್‌ಇನ್ ಬ್ಯಾಗಿನಲ್ಲಿ ಇಡದೆ ಕೈಚೀಲದಲ್ಲಿ ಒಯ್ಯಿರಿ. ಪ್ರತಿಯೊಂದರ ಎರಡೂ ಬದಿ, ಹಿಂಬದಿಯ ಮುದ್ರೆ ಕಾಣುವಂತೆ ಸ್ಕ್ಯಾನ್ ಮಾಡಿ ಮನೆಯವರ ಹತ್ತಿರ ಒಂದು ಪ್ರತಿ ಬಿಟ್ಟಿರಿ. ಅಲ್ಲಿನ ಎಚ್‌ಆರ್‌ನವರು ಮೊದಲ ವಾರ ಕೇಳುವುದು ಆ ಹಿಂಬದಿಯನ್ನೇ.